ಬಳ್ಳಾರಿಯ ಬೇಸಗೆಯಲ್ಲಿ ಒಂದು ತೊಟ್ಟಿ ಕಡಲು

ಸಂಗನಕಲ್ಲಿನ ಗುಡ್ಡದ ಬಂಡೆಗಳು ವೈಶಾಖದ ಬಿಸಿಲಿಗೆ ಕಾದು, ತಾಪವು 40 ಡಿಗ್ರಿಯನ್ನು ದಾಟಿ, ನವಶಿಲಾಯುಗದ ಜನರು ಇಲ್ಲಿಯೇ ಕುಳಿತು ಕಲ್ಲುಕೊಡಲಿಗಳನ್ನು ತಿದ್ದಿದ ಸಹನೆಯು ಸೋಜಿಗವೆನಿಸುವ ದಿನಗಳಲ್ಲಿ, ಮನೆಯ ಮೂಲೆಯೊಂದರ ಗಾಜಿನ ತೊಟ್ಟಿಯೊಳಗೆ ಉಪ್ಪುನೀರನ್ನೂ ಮೆದುಹವಳಗಳನ್ನೂ 28 ಡಿಗ್ರಿ ಮೀರದಂತೆ ಕಾಪಾಡುವವನ ಕೌಶಲವನ್ನು ನಾನು ಗಾಯಕನ ಶ್ರುತಿಜ್ಞಾನಕ್ಕೆ ಸಮನೆಂದೇ ಎಣಿಸುತ್ತೇನೆ. (ಗಟ್ಟಿಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷೆಯುಂಟು; ನೇತ್ರಾಣಿ ದ್ವೀಪದ ಹವಳಗಳು ಅಲ್ಲಿಯೇ ಇರಲಿ.) ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕವು ಕುಗ್ಗುತ್ತದೆ; ತಾಪವು ಬಹುದಿನ 30ನ್ನು ಮೀರಿತೆಂದರೆ, ಹವಳವು ತನ್ನೊಡಲಲ್ಲಿ ಆಶ್ರಯ ಪಡೆದು ತನಗೆ ಅನ್ನವನ್ನೀಯುತ್ತಿದ್ದ ಸೂಕ್ಷ್ಮ ಪಾಚಿಯನ್ನೇ ಹೊರದೂಡಿ ಬಿಳಿಚಿಕೊಳ್ಳುವುದು. ಆದರೆ ಮಂಗಳೂರಿನ ತೇವಗಾಳಿಯು ಮಾಡಲರಿಯದ ಉಪಕಾರವನ್ನು ಬಳ್ಳಾರಿಯ ಒಣಗಾಳಿಯು ಮಾಡಬಲ್ಲುದು: ನೀರಿನ ಮೇಲ್ಮೈಗೆದುರಾಗಿ ಪುಟ್ಟ ಫ್ಯಾನೊಂದನ್ನಿಟ್ಟರೆ, ಆವಿಯಾಗುವ ಒಂದೊಂದು ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆವಿಯೊಡನೆ ಲವಣವು ಹೋಗದಾದುದರಿಂದ, ತಗ್ಗಿದ ಮಟ್ಟವನ್ನು ಲವಣರಹಿತ ಶುದ್ಧಜಲದಿಂದಲೇ, ಅದೂ ಒಮ್ಮೆಲೇ ಸುರಿಯದೆ, ಸ್ವಲ್ಪಸ್ವಲ್ಪವಾಗಿ ತುಂಬಬೇಕು. ತೊಟ್ಟಿಯ ದೀಪವೂ ನೀರನ್ನು ಕಾಯಿಸುವುದರಿಂದ, ಮಧ್ಯಾಹ್ನ ಅದನ್ನು ಉರಿಸದೆ ರಾತ್ರಿಗೆ ಸರಿಸಬೇಕು. ಕರೆಂಟು ಹೋದಾಗ ನೀರಾಡಿಸುವ ಪಂಪಿಗೆ ಇನ್ವರ್ಟರಿನ ಆಸರೆಯಿರಬೇಕು. ದುಬಾರಿ ಚಿಲ್ಲರ್ ಯಂತ್ರವುಳ್ಳವರಿಗೆ ಈ ಜಾಗರಣೆಯಿಲ್ಲ. ನನ್ನ ಮೆಚ್ಚುಗೆಯೂ ಅವರತ್ತ ಅಷ್ಟಾಗಿ ಹರಿಯದು.