ಗುಜರಿಗೂ ಮೊದಲು ರಿಪೇರಿ

ಟೋಕಿಯೊ ಒಲಿಂಪಿಕ್ಸ್‌ನ ಪದಕಗಳಿಗೆ ಬೇಕಾದ ಲೋಹವೆಲ್ಲ ಬಂದದ್ದು ಜಪಾನಿನ ಜನ ಕೊಟ್ಟ ಹಳೆಯ ಮೊಬೈಲು, ಲ್ಯಾಪ್‌ಟಾಪು, ಸಣ್ಣಪುಟ್ಟ ಉಪಕರಣಗಳಿಂದ. ಸುಮಾರು 79 ಸಾವಿರ ಟನ್ ಸಾಮಾನಿನಿಂದ 32 ಕಿಲೋ ಚಿನ್ನ ಸಿಕ್ಕಿತು. ಇ-ತ್ಯಾಜ್ಯದ ಮರುಸಂಸ್ಕರಣೆಯನ್ನು ಹೊಗಳುವವರು ಈ ಉದಾಹರಣೆಯನ್ನು ತಪ್ಪದೆ ಕೊಡುತ್ತಾರೆ. ಅದರ ಹಿಂದೆ ಎರಡು ವರ್ಷ ದುಡಿದ ಸ್ಥಳೀಯ ಆಡಳಿತಗಳಿದ್ದವು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. 2022ರಲ್ಲಿ ಜಗತ್ತು ಬಿಸಾಡಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾದ ಕಡೆ ಸೇರಿದೆ ಎಂದು ಲೆಕ್ಕ ಸಿಕ್ಕಿದ್ದು ಶೇ 22.3ರಷ್ಟಕ್ಕೆ ಮಾತ್ರ.

ನಮ್ಮ ದೇಶದಲ್ಲಿ ಉಳಿದದ್ದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ದೆಹಲಿಯ ಸೀಲಂಪುರ, ಉತ್ತರ ಪ್ರದೇಶದ ಮೊರಾದಾಬಾದ್ ಸಾಕ್ಷಿ. ತಾಮ್ರಕ್ಕಾಗಿ ಕೇಬಲ್ ರಾಶಿಗೆ ಬೆಂಕಿ ಹಚ್ಚುತ್ತಾರೆ. ಪಿವಿಸಿ ಹೊದಿಕೆ ಉರಿದು ಡೈಆಕ್ಸಿನ್ ಬೆರೆತ ಕಪ್ಪು ಹೊಗೆ ಏಳುತ್ತದೆ. ಮದರ್‌ಬೋರ್ಡನ್ನು ಉರಿಯ ಮೇಲಿಟ್ಟು, ಸೀಸದ ಬೆಸುಗೆ ಕರಗುತ್ತಿದ್ದಂತೆ ಇಕ್ಕಳದಿಂದ ಚಿಪ್‌ಗಳನ್ನು ಕೀಳುತ್ತಾರೆ. ಬೋರ್ಡು ಆಸಿಡ್ ತೊಟ್ಟಿಗೆ ಬೀಳುತ್ತದೆ, ಬಳಸಿದ ಆಸಿಡ್ಡು ಮೋರಿ ಸೇರುತ್ತದೆ. ಕೈಗವಸಿಲ್ಲದೆ ಈ ಕೆಲಸ ಮಾಡುವವರಲ್ಲಿ ಹೆಂಗಸರೂ ಮಕ್ಕಳೂ ಇದ್ದಾರೆ. ಇದನ್ನು ಮರುಸಂಸ್ಕರಣೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅನುಮತಿ ಪಡೆದ ಘಟಕಗಳೂ ಇವೆ. ಬೆಂಗಳೂರಿನ ಬಳಿಯ ನಮ್ಮ ದಾಬಸ್‌ಪೇಟೆಯ ಇ-ಪರಿಸರ ಅಂಥ ಮೊದಲ ಘಟಕಗಳಲ್ಲೊಂದು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮಗಳು ತಯಾರಕರ ಮೇಲೆಯೇ ಹೊಣೆ ಹೊರಿಸಿವೆ. ಆದರೆ ಮನೆ ಬಾಗಿಲಿಗೆ ಬಂದು ಕೈಯಲ್ಲಿ ದುಡ್ಡು ಇಡುವವನು ಗುಜರಿಯವನೇ. ಆ ಪೈಪೋಟಿಯಲ್ಲಿ ಕಾನೂನು ಇನ್ನೂ ಗೆದ್ದಿಲ್ಲ.

ಎಲ್ಲವೂ ಸರಿಯಾಗಿ ನಡೆದರೂ ಮರಳಿ ಸಿಗುವುದು ಬಹುಪಾಲು ಚಿನ್ನ, ಬೆಳ್ಳಿ, ತಾಮ್ರ, ಪಲಾಡಿಯಂ. ಹಾರ್ಡ್‌ಡಿಸ್ಕಿನ ಆಯಸ್ಕಾಂತದಲ್ಲಿರುವ ವಿರಳ ಭೂಲೋಹಗಳ ವಿಷಯದಲ್ಲಿ, ಜಗತ್ತಿನ ಬೇಡಿಕೆಯ ಶೇ 1ರಷ್ಟು ಮಾತ್ರ ಮರುಸಂಸ್ಕರಣೆಯಿಂದ ಪೂರೈಕೆಯಾಗುತ್ತಿದೆ. ಚಿಪ್ ತಯಾರಿಸಲು ಸುಟ್ಟ ಇಂಧನವಂತೂ ಮರಳಿ ಬರುವಂಥದ್ದಲ್ಲ. ಲ್ಯಾಪ್‌ಟಾಪೊಂದರ ಇಂಗಾಲದ ಹೊರೆಯ ಬಹುಪಾಲು ಅದು ನಮ್ಮ ಮೇಜಿಗೆ ಬರುವ ಮೊದಲೇ ಸಂದುಹೋಗಿರುತ್ತದೆ.

ಹಾಗಾಗಿ ನನ್ನ ಮತ ರಿಪೇರಿಗೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, ರ‍್ಯಾಮ್ ಹೆಚ್ಚಿಸಿದರೆ ಹತ್ತು ವರ್ಷದ ಯಂತ್ರವೂ ಚುರುಕಾಗುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಕಂಪ್ಯೂಟರುಗಳನ್ನು ಹೀಗೆ ಗುಜರಿಯತ್ತ ತಳ್ಳುವುದು ಅನ್ಯಾಯ. ಅವುಗಳಲ್ಲಿ ಲಿನಕ್ಸ್ ಹಾಕಿದರೆ ಬರವಣಿಗೆ, ಲೆಕ್ಕ, ಪಾಠಕ್ಕೆ ಯಾವ ಕೊರತೆಯೂ ಇಲ್ಲ.

ನಿಮ್ಮ ಕಪಾಟಿನಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಮೊದಲು ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ. ನಡೆಯುವಂತಿದ್ದರೆ ಮಾಹಿತಿ ಅಳಿಸಿ ಹತ್ತಿರದ ಶಾಲೆಯನ್ನು ಕೇಳಿ ನೋಡಿ. ಪೂರ್ತಿ ಕೆಟ್ಟಿದ್ದರೆ ಅನುಮತಿ ಇರುವವರಿಗೇ ಕೊಟ್ಟು ರಸೀದಿ ಪಡೆಯಿರಿ.