ತೊಗರಿ: ತಳಿ ಮತ್ತು ಬಿತ್ತನೆಯ ಹದ

ಆಳಂದ ತಾಲೂಕಿನ ಸರಸಂಬಾ ಸೀಮೆಯಲ್ಲಿ ಮುಂಗಾರು ಎಂದರೆ ತೊಗರಿ. ಬೀಜದ ಚೀಲ ಮೇ ಕೊನೆಗೇ ಮನೆ ಸೇರುತ್ತದೆ. ಬಿತ್ತುವ ಮಳೆ ಮೃಗಶಿರಾದಲ್ಲಿ ಬರುತ್ತದೋ, ಪುಷ್ಯದವರೆಗೆ ಕಾಯಿಸುತ್ತದೋ ಆಗ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಹದ ಯಾವಾಗ ಬಂದರೂ ಅದೇ ಚೀಲ, ಅದೇ ಸಾಲಿನ ಅಂತರ. ಬಹಳ ಕಡೆ ಬೇರೂರಿರುವ ಈ ಪದ್ಧತಿಯೇ ಇಳುವರಿಯನ್ನು ತಿನ್ನುತ್ತಿದೆ ಎಂಬುದು ನನ್ನ ತಕರಾರು.

ತೊಗರಿ ಹಗಲು ಕುಗ್ಗಿದಾಗ ಹೂವಿಗೆ ತಿರುಗುವ ಬೆಳೆ. ಜೂನ್ ಎರಡನೇ ವಾರ ಬಿತ್ತಿದ ಗಿಡಕ್ಕೆ ಮೈ ತುಂಬಿಕೊಂಡು ರೆಂಬೆ ಒಡೆಯಲು ಸಮಯವಿರುತ್ತದೆ. ಜುಲೈ ಕೊನೆಗೆ ಬಿತ್ತಿದ್ದಕ್ಕೆ ಆ ಭಾಗ್ಯವಿಲ್ಲ. ಗಿಡ್ಡಾಗಿಯೇ ಹೂವಿಗೆ ಬರುತ್ತದೆ. ಹಾಗಾಗಿ ತಡವಾದ ವರ್ಷ ಸಾಲು ಹತ್ತಿರ ಮಾಡಿ, ಗಿಡಗಳ ಸಂಖ್ಯೆ ಹೆಚ್ಚಿಸಲೇಬೇಕು. ಅಂತರ ಬದಲಿಸದೆ ಬಿತ್ತಿ, ಕೊನೆಗೆ ಬೀಜವನ್ನು ದೂರುವುದು ನ್ಯಾಯವಲ್ಲ.

ಇನ್ನು ತಳಿಯ ಮಾತು. ಟಿಎಸ್-3ಆರ್ ಸುಮಾರು 150 ದಿನಕ್ಕೆ ಕಟಾವಿಗೆ ಬರುತ್ತದೆ. ಆಶಾ, ಬಿಎಸ್‌ಎಂಆರ್-736 ಇನ್ನೂ ಮೂರು-ನಾಲ್ಕು ವಾರ ಬೇಡುತ್ತವೆ. ಆಳವಾದ ಎರೆಯಲ್ಲಿ ಡಿಸೆಂಬರಿನಲ್ಲೂ ಬೇರಿಗೆ ತೇವ ಸಿಗುವುದರಿಂದ ಅಲ್ಲಿ ದೀರ್ಘಾವಧಿಯ ತಳಿ ಒಪ್ಪುತ್ತದೆ. ಕಲ್ಲು ಹತ್ತುವ ಮಡ್ಡಿ ಹೊಲದಲ್ಲಿ ಹಿಂಗಾರಿನ ಮಳೆ ಕೈಕೊಟ್ಟರೆ ಅದೇ ತಳಿಯ ಕಾಯಿ ತುಂಬುವ ಮೊದಲೇ ನೆಲ ಒಣಗಿರುತ್ತದೆ. ಒಂದೇ ರೈತನ ಎರಡು ಹೊಲಕ್ಕೆ ಎರಡು ತಳಿ ಬೇಕಾಗಬಹುದು ಎಂಬ ಸರಳ ವಿಚಾರಕ್ಕೆ ನಮ್ಮ ಬೀಜ ವಿತರಣೆಯಲ್ಲಿ ಜಾಗ ಸಾಲದು.

ರೋಗದ ಲೆಕ್ಕ ಇನ್ನೂ ಸೂಕ್ಷ್ಮ. 1986ರಲ್ಲಿ ಬಿಡುಗಡೆಯಾದ ಮಾರುತಿ ತಳಿ ಸೊರಗು ರೋಗ ತಡೆದು ಈ ಭಾಗದ ತೊಗರಿಯನ್ನೇ ಉಳಿಸಿತು. ಅದರ ಉಪಕಾರ ದೊಡ್ಡದು. ಆದರೆ ನುಸಿಯಿಂದ ಹರಡುವ ಗೊಡ್ಡು ರೋಗವನ್ನು ಅದು ತಡೆಯಲಾರದು. ಆಶಾ ಎರಡನ್ನೂ ತಡೆಯಬಲ್ಲದು, ಆದರೆ ಬೇಗ ಕೈಗೆ ಬರುವುದಿಲ್ಲ. 2022ರ ಕೊನೆಗೆ ಕಲಬುರಗಿ ಜಿಲ್ಲೆಯಲ್ಲಿ ನಿಂತ ಬೆಳೆ ಕಾಯಿ ಕಟ್ಟುವ ಹೊತ್ತಿಗೆ ಒಣಗಿ ಹೋದದ್ದನ್ನು ಯಾರೂ ಮರೆತಿಲ್ಲ. ಗಿಡ ಒಣಗಿಸುವ ರೋಗವೂ ಒಂದೇ ಅಲ್ಲ: ಒಣ ಬೇರು ಕೊಳೆಯ ಶಿಲೀಂಧ್ರವೇ ಬೇರೆ, ಸೊರಗು ರೋಗದ್ದೇ ಬೇರೆ. ಚೀಲದ ಮೇಲೆ 'ರೋಗ ನಿರೋಧಕ' ಎಂದಿದ್ದರೆ ಯಾವ ರೋಗಕ್ಕೆ ಎಂದು ಕೇಳಬೇಕು. ವರ್ಷವರ್ಷವೂ ಅದೇ ಹೊಲಕ್ಕೆ ತೊಗರಿ ಹಾಕುತ್ತಾ ಹೋದರೆ ಯಾವ ತಳಿಯೂ ಹೆಚ್ಚು ಕಾಲ ತಡೆಯದು.

ಬಿತ್ತುವ ದಿನಕ್ಕೆ ತಕ್ಕಂತೆ ತಳಿ ಬದಲಿಸುವುದಕ್ಕೆ ಹೊರಗಿನದೊಂದು ಉದಾಹರಣೆ ನೋಡಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಯಾನೋಲಾ ಎಂಬ ಸಾಸಿವೆ ಜಾತಿಯ ಎಣ್ಣೆಕಾಳನ್ನು ಮಳೆಯಾಶ್ರಯದಲ್ಲೇ ಬೆಳೆಯುತ್ತಾರೆ. ಏಪ್ರಿಲ್‌ನಲ್ಲಿ ಮಳೆ ಸಿಕ್ಕರೆ ನಿಧಾನವಾಗಿ ಹೂ ಬಿಡುವ ತಳಿ, ಮೇ ಮಧ್ಯ ದಾಟಿದರೆ ಬೇಗ ಮಾಗುವ ತಳಿ. ಹೂವು ಹಿಮಕ್ಕೂ ಸಿಗಬಾರದು, ಬಿಸಿಲಿಗೂ ಸಿಗಬಾರದು ಎಂಬುದೇ ಅಲ್ಲಿನ ಲೆಕ್ಕ. ನಮಗೆ ಹಿಮದ ಭಯವಿಲ್ಲ. ಹೂ ಉದುರಿಸುವ ನವೆಂಬರ್ ಮೋಡ, ಕಾಯಿಕೊರಕ, ಬತ್ತುವ ತೇವದ ಭಯವಿದೆ. ದಿನ ನೋಡಿ ತಳಿ ಆರಿಸುವ ಬುದ್ಧಿ ಎರಡೂ ಕಡೆಗೆ ಒಂದೇ.

ನಮ್ಮಲ್ಲಿ ಸಂಶೋಧನೆಗೆ ಬರವಿಲ್ಲ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811ನಂಥ ತಳಿಗಳನ್ನು ಕೊಟ್ಟಿದೆ. ಮಳೆ ತಡವಾದರೂ ಸಸಿ ಬಲಿತಿರಲೆಂದು ಪಾಲಿಥಿನ್ ಚೀಲದಲ್ಲಿ ಬೆಳೆಸಿ ನಾಟಿ ಮಾಡುವ ವಿಧಾನವೂ ಗೊತ್ತಿದೆ. ನೀರು, ಆಳು ಇದ್ದವರಿಗೆ ಅದು ಒಳ್ಳೆಯ ದಾರಿ, ಬರೀ ಮಳೆ ನಂಬಿದವರಿಗೆ ಕಷ್ಟ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತೂ ಸಿಕ್ಕಿತು. ಕೊರತೆಯಿರುವುದು ಬೀಜವನ್ನು ಹಂಚುವ ವೇಳೆಯಲ್ಲಿ.

ರೈತ ಸಂಪರ್ಕ ಕೇಂದ್ರಗಳು ಮೇ ತಿಂಗಳಲ್ಲಿ ಒಂದೇ ಅವಧಿಯ ಬೀಜ ಹಂಚಿ ಕೈತೊಳೆದುಕೊಳ್ಳಬಾರದು. ಬೇಗ ಮಾಗುವ ತಳಿಯ ದಾಸ್ತಾನನ್ನು ಜುಲೈವರೆಗೂ ಇಟ್ಟುಕೊಳ್ಳಬೇಕು. ರೈತ ಬಾಂಧವರಲ್ಲೂ ಒಂದು ವಿನಂತಿ: ಈ ಸಲ ಪ್ರತಿ ಹೊಲದ ತಳಿ, ಬಿತ್ತಿದ ದಿನ, ರಾಶಿಯ ತೂಕ ಮೂರನ್ನೂ ಬರೆದಿಡಿ. ಮುಂದಿನ ಮೇ ತಿಂಗಳಲ್ಲಿ ಬೀಜ ತರಲು ಹೋಗುವಾಗ ಆ ಹಾಳೆ ಜೊತೆಗಿರಲಿ.