ಹಳೆ ಕುರ್ಚಿಯ ಅರಗು ಕೆರೆಯಬೇಡಿ

ಮರಕ್ಕೆ ಪಾಲಿಷ್ ಹಿಡಿಯಲು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಒಣಹವೆಯೇ ಒಳ್ಳೆಯದು. ಮಳೆಗಾಲದಲ್ಲಿ ಸ್ಪಿರಿಟ್ ಪಾಲಿಷ್ ಒರೆಸಿದರೆ, ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗಿ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಹೊಳಪು ಏಳಬೇಕಾದ ಕಡೆ ಬಿಳಿ ಮಂಜು ಕವಿಯುತ್ತದೆ. ಅಟ್ಟ ಸೇರಿದ ಆರಾಮಕುರ್ಚಿಗಳು, ಲೆಕ್ಕ ಬರೆಯುವ ಡೆಸ್ಕುಗಳು, ಅಜ್ಜಿಯ ಕಾಲದ ಪೆಟ್ಟಿಗೆಗಳು ಕೆಳಗಿಳಿಯುವುದು ಈ ದಿನಗಳಲ್ಲೇ. ಅವಸರದ ಕೈಗೆ ಸಿಕ್ಕಿ ಅವು ಕೆಡುವುದೂ ಈ ದಿನಗಳಲ್ಲೇ. ಉಜ್ಜುವ ಯಂತ್ರ ತಂದು ಮೇಲಿನದ್ದನ್ನೆಲ್ಲ ತೆಗೆದು, ಬೆಳ್ಳಗಾದ ಮರದ ಮೇಲೆ ಮೆಲಮೈನ್ ಅಥವಾ ಪಿಯು ಸ್ಪ್ರೇ ಹೊಡೆಸಿದರೆ ಎರಡೇ ದಿನಕ್ಕೆ ಕುರ್ಚಿ ಹೊಸದಾಗುತ್ತದೆ, ನಿಜ. ಆದರೆ ಹಾಗೆ ಮಾಡುವುದಕ್ಕೆ ಮೊದಲು ಆ ಕುರ್ಚಿಯ ಮೇಲೆ ಏನಿದೆ ಎಂದು ನೋಡಿ. ಹೆಚ್ಚಿನ ಕುರ್ಚಿಗಳಿಗೆ ಕೆರೆಯುವ ಅಗತ್ಯವೇ ಇರುವುದಿಲ್ಲ.

ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಕಡೆ ತಯಾರಾದ ಒಳ್ಳೆಯ ತೇಗ, ಬೀಟೆ ಪೀಠೋಪಕರಣಗಳ ಮೇಲೆ ಬಹುಮಟ್ಟಿಗೆ ಇರುವುದು ಅರಗಿನ ಪಾಲಿಷ್. ಮುತ್ತುಗ, ಬೋರೆ ಮರಗಳ ಎಳೆ ರೆಂಬೆಗಳಲ್ಲಿ ಕೂತು ರಸ ಹೀರುವ ಪುಟ್ಟ ಕೀಟ ತನ್ನ ಮೈಸುತ್ತ ಕಟ್ಟಿಕೊಳ್ಳುವ ಕವಚವೇ ಅರಗು. ನಮ್ಮ ದೇಶದಲ್ಲಿ ಅತಿ ಹೆಚ್ಚು ಅರಗು ಬರುವುದು ಜಾರ್ಖಂಡ್‌ನಿಂದ. ಅರಗಿನ ಅಧ್ಯಯನಕ್ಕೆಂದೇ ರಾಂಚಿಯಲ್ಲಿ 1924ರಲ್ಲೇ ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಆ ಅರಗನ್ನು ಕಾಯಿಸಿ, ಸೋಸಿ, ತೆಳ್ಳಗೆ ಎಳೆದು ಮುರಿದರೆ ಜೇನುಬಣ್ಣದ ಚಕ್ಕೆ. ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿದರೆ ಫ್ರೆಂಚ್ ಪಾಲಿಷ್. ಚನ್ನಪಟ್ಟಣದಲ್ಲಿ ಲೇತ್ ಮೇಲೆ ತಿರುಗುವ ಆಲೆ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ, ತಿಕ್ಕಿದ ಬಿಸಿಗೇ ಕರಗಿ ಮರಕ್ಕೆ ಹತ್ತುವುದು ಕೂಡ ಇದೇ ಅರಗು. ಅಲ್ಲಿ ಬಿಸಿ ಕರಗಿಸುತ್ತದೆ, ಇಲ್ಲಿ ಸ್ಪಿರಿಟ್. ಗಟ್ಟಿಯಾದ ಮೇಲೂ ಮತ್ತೆ ಕರಗುವ ಈ ಗುಣವೇ ಹಳೆ ಕುರ್ಚಿಯ ಪುಣ್ಯ.

ಪಿಯು ಒಣಗುವಾಗ ಅದರೊಳಗೆ ರಾಸಾಯನಿಕ ಹೆಣಿಗೆ ಬೆಳೆಯುತ್ತದೆ. ಒಮ್ಮೆ ಬಿಗಿದ ಆ ಹೆಣಿಗೆ ಬಿಚ್ಚುವುದಿಲ್ಲ. ಐದು ವರ್ಷದ ನಂತರ ಗೀರು ಬಿದ್ದರೆ ಅದರ ಮೇಲೆ ಹೊಡೆದ ಹೊಸ ಪದರ ಹಳೆಯದರೊಂದಿಗೆ ಬೆರೆಯದೆ ಬರಿದೆ ಮೇಲೆ ಕೂರುತ್ತದೆ. ಅರಗು ಹಾಗಲ್ಲ. ಹೊಸ ಪಾಲಿಷ್‌ನಲ್ಲಿರುವ ಸ್ಪಿರಿಟ್ ಕೆಳಗಿನ ಹಳೆ ಅರಗನ್ನು ತುಸು ಕರಗಿಸುತ್ತದೆ, ಎರಡೂ ಸೇರಿ ಒಂದೇ ಪದರವಾಗುತ್ತವೆ. ಎಂಬತ್ತು ವರ್ಷ ಹಳೆಯ ಹೊಳಪಿಗೆ ಇವತ್ತಿನ ಕೈ ಸೇರಿಸಬಹುದು. ಸೇರಿದ ಗುರುತೂ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಕುರ್ಚಿಯನ್ನು ಬೋರಲು ಹಾಕಿ, ಯಾರಿಗೂ ಕಾಣದ ಮೂಲೆಯಲ್ಲಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒತ್ತಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಅರಗು. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಮೆಲಮೈನ್, ಪಿಯು ಅಥವಾ ಹಳೆಯ ಎಣ್ಣೆ ವಾರ್ನಿಷ್.

ಅರಗೆಂದು ಖಾತ್ರಿಯಾದರೆ ಮೊದಲ ಕೆಲಸ ಕೊಳೆ ತೆಗೆಯುವುದು. ಕಪ್ಪಗಾಗಿದೆ ಎಂದು ನಾವು ಕೆರೆಯಲು ಹೊರಡುವ ಭಾಗದಲ್ಲಿ ಎಷ್ಟೋ ಬಾರಿ ಇರುವುದು ಒಲೆಯ ಹೊಗೆ, ತಲೆಗೆಣ್ಣೆ, ಆಯುಧಪೂಜೆಯ ಅರಿಶಿನ ಕುಂಕುಮ. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಜಿಡ್ಡು ಬಿಡುತ್ತದೆ, ಅರಗಿಗೆ ಏನೂ ಆಗುವುದಿಲ್ಲ. ಆಮೇಲೆ ನೋಡಿ: ಆರಾಮಕುರ್ಚಿಯ ಉದ್ದ ತೋಳಿನ ತುದಿಯಲ್ಲಿ, ಬೆರಳುಗಳು ಮಡಚಿ ಹಿಡಿಯುವ ಕೆಳಬದಿಯಲ್ಲಿ, ಅರಗು ಪೂರ್ತಿ ಸವೆದು ಮರ ಬತ್ತಲಾಗಿರುತ್ತದೆ, ಮೊಣಕೈ ಊರುವಲ್ಲಿ ಬಣ್ಣ ತೆಳುವಾಗಿ ಮೈ ನುಣುಪಾಗಿರುತ್ತದೆ, ಕಾಲು ಸೇರುವ ಕಡೆ ಬಡಗಿ ಮೊನೆಯಿಂದ ಎಳೆದ ಗುರುತಿನ ಗೆರೆ, ಅದರ ಪಕ್ಕ ಬಿದಿರಿನ ಮೊಳೆಯ ಚೌಕ ತಲೆ. ಯಂತ್ರ ಆಡಿಸಿದರೆ ಮೊದಲು ಅಳಿಯುವುದು ಇವೇ. ಅವನ್ನು ಮತ್ತೆ ತರಲು ಯಾವ ಅಂಗಡಿಯ ಡಬ್ಬಿಯಿಂದಲೂ ಆಗದು.

ಪಾಲಿಷ್ ಮನೆಯಲ್ಲೇ ಮಾಡಿಕೊಳ್ಳಿ. 100 ಮಿಲಿ ಸ್ಪಿರಿಟ್‌ಗೆ 20ರಿಂದ 25 ಗ್ರಾಂ ಚಕ್ಕೆ, ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ. ಕಬ್ಬಿಣದ ಡಬ್ಬಿ ಬೇಡ, ಅರಗು ಕಪ್ಪಾಗುತ್ತದೆ. ಬೆಳಿಗ್ಗೆ ಹಳೆ ಪಂಚೆಯಲ್ಲಿ ಸೋಸಿ, ಬಾಟಲಿಯ ಮೇಲೆ ತಾರೀಕು ಬರೆಯಿರಿ. ಆರು ತಿಂಗಳು ದಾಟಿದ ಪಾಲಿಷ್ ಸರಿಯಾಗಿ ಗಟ್ಟಿಯಾಗದೆ ಅಂಟುತ್ತದೆ. ಹತ್ತಿಯ ಉಂಡೆಗೆ ಪಾಲಿಷ್ ಕುಡಿಸಿ, ಅದನ್ನು ಒಗೆದು ಮೆತ್ತಗಾದ ಪಂಚೆಯ ತುಂಡಿನಲ್ಲಿ ಸುಕ್ಕಿಲ್ಲದಂತೆ ಸುತ್ತಿ, ತಳಕ್ಕೆ ಒಂದು ತೊಟ್ಟು ಅಗಸೆ ಎಣ್ಣೆ ಹಚ್ಚಿ. ಉಂಡೆಯನ್ನು ಜಾರುವ ಹಾಗೆ ಮರದ ಮೇಲಿಳಿಸಿ, ಜಾರುತ್ತಲೇ ಎತ್ತಿ. ನಡುವೆ ನಿಂತರೆ ಅಲ್ಲೇ ಅಂಟಿ ಗಾಯವಾಗುತ್ತದೆ. ಹೊಳಪು ಬಿರುಕುಬಿಟ್ಟ ಕಡೆ ಮೊದಲು ಬರೀ ಸ್ಪಿರಿಟ್ ತಾಗಿಸಿದ, ಹೆಚ್ಚುಕಡಿಮೆ ಒಣಗಿದ ಉಂಡೆ ಸಾಕು: ಹಳೆ ಅರಗು ತಾನೇ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಇರದಿರಲಿ. ಅಗಸೆ ಎಣ್ಣೆ ತಾಗಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬೇಡಿ. ಅವು ತಾವಾಗಿ ಕಾದು ಹೊತ್ತಿಕೊಳ್ಳುತ್ತವೆ. ಹರವಿ ಒಣಗಿಸಿ.

ಬೀಟೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದರ ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಬಿಡುತ್ತದೆ. ಮೈಸೂರಿನ ಇನ್‌ಲೇ ಕೆಲಸವಿರುವ ಮೇಜಿನ ಮೇಲೆ ಒದ್ದೆ ಉಂಡೆ ಎಳೆದರೆ ಬೀಟೆಯ ಬಣ್ಣ ಹರಿದು, ಪಕ್ಕದ ತಿಳಿಬಣ್ಣದ ಹೂಬಳ್ಳಿಯೆಲ್ಲ ಕೆಂಪಾಗುತ್ತದೆ. ಅಲ್ಲಿ ಸಣ್ಣ ಕುಂಚದಿಂದ ತಿಳಿ ತುಂಡುಗಳ ಮೇಲಷ್ಟೇ ಮೊದಲು ಅರಗು ಹಚ್ಚಿ, ಅದು ಒಣಗಿದ ಮೇಲೆ ಉಂಡೆ ಹಿಡಿಯಬೇಕು.

ಅರಗಿಗೆ ಹೇಳಿದ ಮಾತು ಅಂಟಿಗೂ ಸಲ್ಲುತ್ತದೆ. ಹಳೆ ಕುರ್ಚಿಯ ಜೋಡಣೆಗಳಲ್ಲಿ ಇರುವುದು ಚರ್ಮ, ಮೂಳೆ ಬೇಯಿಸಿ ತೆಗೆದ ಮರವಜ್ರ. ಬಿಸಿನೀರು ತಾಗಿಸಿದರೆ ಅದು ಸಡಿಲುತ್ತದೆ. ಕೊಡತಿಯಲ್ಲಿ ಮೆಲ್ಲಗೆ ತಟ್ಟಿ ಬಿಚ್ಚಿ, ಹೊಸ ವಜ್ರವನ್ನು ತಣ್ಣೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕುದಿಸದೆ ಕರಗಿಸಿ ಹಚ್ಚಿದರೆ, ಅದು ಹಳೆ ಅಂಟಿನ ಪಳೆಯುಳಿಕೆಯೊಂದಿಗೇ ಬೆರೆತು ಹಿಡಿಯುತ್ತದೆ. ಈಗಿನ ಬಿಳಿ ಅಂಟು ಹಳೆಯ ವಜ್ರದ ಮೇಲೆ ಸರಿಯಾಗಿ ಕೂರುವುದಿಲ್ಲ. ಕೂರಿಸಬೇಕೆಂದು ಮರವನ್ನೇ ಕೆತ್ತಿದರೆ ಜೋಡಣೆ ಸಡಿಲ. ಕ್ಲಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ನಡುವೆ ಕೋಲು ತೂರಿಸಿ ತಿರುಪಿ. ಬೆತ್ತದ ಸೀಟು ಜೋತಿದ್ದರೆ ಕೆಳಗಿನಿಂದ ಬಿಸಿನೀರಿನ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ. ಬೆತ್ತ ಹರಿಯದಿದ್ದರೆ ತಾನೇ ಬಿಗಿಯುತ್ತದೆ.

ಇಷ್ಟಕ್ಕೆ ಬೇಕಾದ ಕಾರ್ಖಾನೆ ವರಾಂಡದ ಒಂದು ಮೂಲೆಯಲ್ಲಿ ಹಿಡಿಯುತ್ತದೆ. ಎರಡು ಉಳಿ, ಕೊಡತಿ, ಸಣ್ಣ ಗರಗಸ, ಒಂದು ಹತ್ತರಿ, ಸಾಣೆಕಲ್ಲು. ತೇಗದಲ್ಲಿ ಮರಳಿನಂಥ ಸಿಲಿಕಾ ಇರುವುದರಿಂದ ಉಳಿಯ ಅಲಗು ಬೇಗ ಮೊಂಡಾಗುತ್ತದೆ, ಹಾಗಾಗಿ ಸಾಣೆಕಲ್ಲಿಗೆ ಹೆಚ್ಚು ದುಡ್ಡು ಹಾಕಿ. ಮೇಲೆ ಬಿದ್ದ ಪೇಂಟ್ ತೆಗೆಯಲು ಉಪ್ಪುಕಾಗದಕ್ಕಿಂತ ನೇರ ಅಂಚಿನ ಗಾಜಿನ ಚೂರು ಮೇಲು. ಹಳೆ ಬಡಗಿಗಳು ಅದನ್ನೇ ಬಳಸುತ್ತಿದ್ದರು. ತೆಳ್ಳಗಿನ ಸಿಪ್ಪೆ ಏಳುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕೈಗೆ ಗೊತ್ತಾಗುತ್ತದೆ.

ಅರಗು ಎಲ್ಲದಕ್ಕೂ ಅಲ್ಲ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಮೂಡುತ್ತದೆ, ಸ್ಯಾನಿಟೈಸರ್ ಚೆಲ್ಲಿದರೆ ಕರಗುತ್ತದೆ. ದಿನವೂ ಊಟ ಮಾಡುವ ಹೊಸ ಮೇಜಿಗೆ ಪಿಯು ಹಾಕಿಸುವವರನ್ನು ನಾನು ತಡೆಯುವುದಿಲ್ಲ. ಆದರೆ ಆ ಬಿಳಿ ಉಂಗುರ ಸ್ಪಿರಿಟ್ ತಾಗಿಸಿದ ಉಂಡೆಯ ನಾಲ್ಕು ಎಳೆತಕ್ಕೆ ಹೋಗುತ್ತದೆ. ಪಿಯು ಎದ್ದರೆ ಇಡೀ ಹಲಗೆಯನ್ನೇ ಕೆರೆಯಬೇಕು. ಬೇಗ ಕೆಡುವುದು, ಬೇಗ ಸರಿಹೋಗುವುದು ಎರಡೂ ಒಂದೇ ಗುಣದಿಂದ ಬಂದವು. ನೂರು ವರ್ಷ ಬಾಳಬೇಕಾದ ವಸ್ತುವಿಗೆ ನಾನು ಸರಿಹೋಗುವುದನ್ನೇ ಆರಿಸುತ್ತೇನೆ. ನಮಗಿಂತ ಮುಂಚೆ ಕುರ್ಚಿ ಮಾಡಿದವನು ಬಿಚ್ಚಲು ಬರುವ ಹಾಗೆ ಮಾಡಿದ್ದರಿಂದಲೇ ಇವತ್ತು ನಮಗೆ ದುರಸ್ತಿ ಸಾಧ್ಯವಾಗಿದೆ; ನಮ್ಮ ನಂತರ ಅದನ್ನು ಹಿಡಿಯುವವರಿಗೂ ಆ ಅನುಕೂಲ ಉಳಿಸುವುದು ನ್ಯಾಯ.

ಸ್ವತಃ ಮಾಡಲು ಪುರುಸೊತ್ತಿಲ್ಲದವರು ಪಾಲಿಷ್‌ನವರಿಗೆ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ. ಹಳೆಯ ಪಾಲಿಷ್ ಯಾವುದೆಂದು ಪರೀಕ್ಷೆ ಮಾಡಿದಿರಾ? ಕೆರೆಯದೆ ಆಗುವುದಿಲ್ಲವೇ? ನೀವು ಹಾಕುವುದನ್ನು ಮುಂದೆ ಬಿಚ್ಚಲು ಬರುತ್ತದೆಯೇ? ಕೆಲಸ ಬಲ್ಲವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ, ಕುರ್ಚಿಯನ್ನು ಬೋರಲು ಹಾಕಿ ತೋರಿಸುತ್ತಾರೆ. ಅಂಥವರು ಸಿಕ್ಕರೆ ದರ ಚೌಕಾಸಿ ಮಾಡಬೇಡಿ. ಕೈ ಪಾಲಿಷ್‌ಗೆ ಸ್ಪ್ರೇಗಿಂತ ಹೆಚ್ಚು ದಿನ ಹಿಡಿಯುತ್ತದೆ, ಆ ದಿನಗಳ ಕೂಲಿ ಅವರಿಗೆ ಸಲ್ಲಬೇಕು.